ಅಕ್ಕನ ತುರುಬು ಸಿಕ್ಕಿಬಿದ್ದದ್ದು

ನನ್ನ ಅಕ್ಕ ಮದ್ದು ತಿಂದು ಹಗ್ಗ ಎಳೆದಳು ಎಂದು ಊರೆಲ್ಲ ಸುದ್ದಿಯಾದಾಗ ಅವಳಿಗೆ ಐವತ್ತು ದಾಟಿತ್ತು. ಮದ್ದು ಎಂದರೆ ಕೆಮ್ಮಿನ ಮದ್ದಲ್ಲ. ಓಟಗಾರರು, ಭಾರ ಎತ್ತುವವರು ಗುಟ್ಟಾಗಿ ತೆಗೆದುಕೊಂಡು, ಸಿಕ್ಕಿಬಿದ್ದು, ಪದಕ ಕಳಕೊಂಡು ಪತ್ರಿಕೆಯಲ್ಲಿ ತಲೆ ತಗ್ಗಿಸಿ ನಿಲ್ಲುತ್ತಾರಲ್ಲ, ಆ ಜಾತಿಯದ್ದು. ಅಕ್ಕ ಅದುವರೆಗೆ ತಾನಾಗಿ ಕೇಳಿ ತಿಂದ ಮಾತ್ರೆ ಒಂದೇ, ಮಂಗಳೂರು ಬಸ್ಸಿನಲ್ಲಿ ವಾಂತಿಯಾಗದಿರಲಿ ಎಂದು ನುಂಗುತ್ತಿದ್ದದ್ದು. ಅದನ್ನೂ ಮಂಜೇಶ್ವರ ದಾಟುವ ಮೊದಲೇ ಹೊರಗೆ ಹಾಕಿಬಿಡುತ್ತಿದ್ದಳು.

ಗಡಿನಾಡಿನ ನಮ್ಮ ಕಡೆ ಹಗ್ಗಜಗ್ಗಾಟವನ್ನು ಬರೀ ಆಟವೆಂದು ಯಾರೂ ತಿಳಿಯುವುದಿಲ್ಲ. ಮಲಯಾಳದಲ್ಲಿ ಅದನ್ನು ಕಂಬವಲಿ ಎನ್ನುತ್ತಾರೆ. ಅದಕ್ಕೆ ಫ್ಲೆಕ್ಸ್ ಕಟ್ಟುತ್ತಾರೆ, ಮೈಕಿನಲ್ಲಿ ಗಂಟಲು ಹರಿಯುವಂತೆ ಕಿರುಚುತ್ತಾರೆ, ಗೆದ್ದವರನ್ನು ಜೀಪಿನ ಮೇಲೆ ಕೂರಿಸಿ ಪೇಟೆ ಸುತ್ತಿಸುತ್ತಾರೆ. ಗಂಡಸರು ಎಳೆಯುವಾಗ ಹೆಂಗಸರು ಬೆರಗಾಗಿ ನೋಡಬೇಕು, ಹೆಂಗಸರು ಎಳೆಯುವಾಗ ಗಂಡಸರು ಹೊಟ್ಟೆ ಹಿಡಿದುಕೊಂಡು ನಗಬೇಕು ಎಂಬುದು ಪದ್ಧತಿ. ನಮ್ಮ ವಾರ್ಡಿನ ಅಯಲ್‌ಕೂಟ, ಅಂದರೆ ನೆರೆಕರೆಯ ಹೆಂಗಸರ ಕೂಟ, ಮೊದಲು ತಂಡ ಕಟ್ಟಿದ್ದು ಒಂದು ಓಣಂ ಕಾರ್ಯಕ್ರಮದಲ್ಲಿ, ಆ ನಗುವಿಗೆ ಬೇಕಾಗಿಯೇ. ನಗುವವರು ಇನ್ನೂ ಬಾಯಿ ತೆರೆಯುವ ಮೊದಲು ಎದುರಿನ ತಂಡ ಗೆರೆ ದಾಟಿ ನಮ್ಮ ಕಡೆ ಬಂದು ಬಿದ್ದಿತ್ತು. ಆಮೇಲೆ ನಾವು ನಿಲ್ಲಿಸಲಿಲ್ಲ.

ನಾನು ಎಳೆಯುವವಳಲ್ಲ. ನಾನು ಟೈಲರ್, ಗಾಳಿ ಬಂದರೆ ಹಾರಿಹೋಗುವ ಮೈಕಟ್ಟು. ಪಕ್ಕದಲ್ಲಿ ನಿಂತು ಬೊಬ್ಬೆ ಹೊಡೆದು ಎಂಟು ಜನರ ಕಾಲು ಒಟ್ಟಿಗೆ ಹಿಂದೆ ಇಡಿಸುವುದು ನನ್ನ ಕೆಲಸ. ಹಗ್ಗದ ತುದಿಯನ್ನು ಹೆಗಲಿಗೂ ಸೊಂಟಕ್ಕೂ ಸುತ್ತಿಕೊಂಡು ಎಲ್ಲರ ಹಿಂದೆ ನಿಲ್ಲುವವಳು ಅಕ್ಕ. ಅವಳು ನೆಲದಲ್ಲಿ ಹಿಮ್ಮಡಿ ಊರಿದಳೆಂದರೆ ಮುಗಿಯಿತು, ತೆಗೆಯಲು ಜೆಸಿಬಿ ಬೇಕು. ಅವಳ ಮುಂದೆ ನೆರೆಮನೆಯ ನಮ್ಮ ಬ್ಯಾರಿ ಗೆಳತಿ. ಒಂದು ಗುಡ್ಡೆ ತೆಂಗಿನಕಾಯಿಯನ್ನು ಮಾತಾಡುತ್ತಾ ಮಾತಾಡುತ್ತಾ ಸುಲಿದು ಮುಗಿಸುವವಳು. ಇವರಿಬ್ಬರಿಗೆ ವ್ಯಾಯಾಮ ಮಾಡಿ ಎಂದು ಯಾರಾದರೂ ಹೇಳಿದರೆ ಇನ್ನೂ ಎಂತ ಮಾಡಬೇಕೆಂದು ಕೇಳಿಯಾರು.

ಅಕ್ಕನ ಶಕ್ತಿಗಿಂತ ದೊಡ್ಡ ಹೆಸರು ಅವಳ ತುರುಬಿನದ್ದು. ಮದುವೆ ಮನೆಗಳಲ್ಲಿ ಹೆಂಗಸರು ಮದುಮಗಳನ್ನು ಬಿಟ್ಟು ಅಕ್ಕನ ಹಿಂದಲೆ ನೋಡುತ್ತಿದ್ದರು. ಎಣ್ಣೆ ಯಾವುದು, ದಾಸವಾಳದ ಸೊಪ್ಪು ಹಾಕುತ್ತೀರಾ ಎಂದು ಕೇಳುತ್ತಿದ್ದರು. ಅಕ್ಕ ಗಂಭೀರವಾಗಿ ಉತ್ತರ ಕೊಡುತ್ತಿದ್ದಳು. ಗಲ್ಫಿನಲ್ಲಿರುವ ಭಾವ ಊರಿಗೆ ಬರುವಾಗಲೆಲ್ಲ ಆ ತುರುಬಿಗೆಂದೇ ಶಾರ್ಜಾದಿಂದ ಎಣ್ಣೆ ಬಾಟಲಿ ತರುತ್ತಿದ್ದರು. ಆ ತುರುಬು ಚೌರಿ ಎಂದು ಗೊತ್ತಿದ್ದದ್ದು ಇಡೀ ಜಗತ್ತಿನಲ್ಲಿ ಅಕ್ಕನಿಗೆ, ನನಗೆ ಮತ್ತು ತೀರಿಹೋದ ನಮ್ಮ ಅಮ್ಮನಿಗೆ.

ಎರಡನೆಯ ಹೆರಿಗೆಯ ನಂತರ ಅಕ್ಕನ ಕೂದಲು ಉದುರತೊಡಗಿ, ಬೆರಳಿಗೆ ಸುತ್ತಿದರೆ ಉಂಗುರದಷ್ಟೂ ಆಗದ ಜಡೆ ಉಳಿಯಿತು. ಅಕ್ಕ ತಲೆಗೆ ಬೈರಾಸು ಸುತ್ತಿಕೊಂಡು ಅಡೂರಿನ ತಾಯಿಮನೆಗೆ ಬಂದು ಅತ್ತಳು. ಅಮ್ಮ ಅಟ್ಟದಿಂದ ಒಂದು ಬಿಸ್ಕತ್ತಿನ ಡಬ್ಬಿ ಇಳಿಸಿದಳು. ಅದರಲ್ಲಿ ಅವಳು ಬಾಚಿದಾಗ ಬಂದ ಕೂದಲು ಉಂಡೆ ಉಂಡೆಯಾಗಿ ಇತ್ತು. ಕೂದಲಿಗೆ ಸ್ಟೀಲ್ ಪಾತ್ರೆ ಕೊಡುತ್ತೇನೆಂದು ಬರುವ ವ್ಯಾಪಾರಿಯನ್ನು ಅಮ್ಮ ಯಾವತ್ತೂ ಅಂಗಳ ಹತ್ತಿಸಿರಲಿಲ್ಲ. ಕಂಡವರ ಕೈಗೆ ಕೂದಲು ಕೊಟ್ಟರೆ ಯಾರು ಯಾವ ಮಾಟ ಮಾಡಿಸುತ್ತಾರೋ ಎಂಬ ಹೆದರಿಕೆ. ಹಾಗೆ ಕೂಡಿಟ್ಟದ್ದನ್ನು ನಾನು ತೊಳೆದು, ಬಿಡಿಸಿ, ಕಪ್ಪು ನೂಲಿನಲ್ಲಿ ಕಟ್ಟಿ ಚೌರಿ ಮಾಡಿದೆ. ಅಮ್ಮನ ಕೂದಲು ಕೊನೆಯವರೆಗೂ ಕಪ್ಪೇ ಇತ್ತು. ನಮ್ಮಿಬ್ಬರಿಗೂ ಆ ಭಾಗ್ಯ ಬರಲಿಲ್ಲ.

ಜಿಲ್ಲೆಯ ದೊಡ್ಡ ಪಂದ್ಯದಲ್ಲಿ ನಾವು ಗೆದ್ದಾಗ ಕಷ್ಟ ಶುರುವಾಯಿತು. ಎದುರಿನವರು ವರ್ಷ ವರ್ಷ ಗೆಲ್ಲುತ್ತಿದ್ದ ತಂಡ. ಒಂದೇ ಬಣ್ಣದ ಶೂ, ಜಿಮ್ಮಿನ ತಾಲೀಮು, ಮೊಳಕೆ ಬರಿಸಿದ ಕಡಲೆ. ಅವರ ಕೋಚು ನಿವೃತ್ತ ಪಿ.ಟಿ. ಮಾಷ್ಟ್ರು. ಪಂದ್ಯ ನಡೆಸುವ ಸಮಿತಿಯ ಕಾರ್ಯದರ್ಶಿಯೂ ಅದೇ ಮಾಷ್ಟ್ರು. ಸೋತ ಕೋಚು ದೂರು ಕೊಟ್ಟರು, ಕಾರ್ಯದರ್ಶಿ ಅದನ್ನು ಸ್ವೀಕರಿಸಿದರು. ಎರಡಕ್ಕೂ ಕುರ್ಚಿ ಬದಲಿಸುವ ಅಗತ್ಯ ಬೀಳಲಿಲ್ಲ.

"ರಬ್ಬರ್ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಎಳೆಯುವವರಿಗೆ ಇಷ್ಟು ಶಕ್ತಿ ಎಲ್ಲಿಂದ?" ಎಂದು ಅವರು ಸಮಿತಿಯಲ್ಲಿ ಕೇಳಿದರಂತೆ. ಒಳ್ಳೆಯ ಪ್ರಶ್ನೆಯೇ. ಬಾವಿಯಿಂದ ನೀರು ಸೇದಿ, ದನಕ್ಕೆ ಹುಲ್ಲು ಹೊತ್ತು, ಮೊಮ್ಮಕ್ಕಳನ್ನು ಸೊಂಟದಲ್ಲಿಟ್ಟುಕೊಂಡು ಬಂತು ಎಂದರೆ ನಂಬಲು ಅವರಿಗೆ ಸಾಕ್ಷಿ ಬೇಕಿತ್ತು.

ಇಂಥ ಪರೀಕ್ಷೆಯನ್ನು ಮೂತ್ರದಲ್ಲಿ ಮಾಡುವುದು ಲೋಕದ ಕ್ರಮ. ಆದರೆ ನಮ್ಮ ಮೈದಾನದಲ್ಲಿ ಹೆಂಗಸರು ಮೂತ್ರ ಮಾಡುವ ಕ್ರಮವಿರಲಿಲ್ಲ. ಹೆಂಗಸರ ಶೌಚಾಲಯ ಇತ್ತು, ಅದರ ಮೇಲೆ ಉದ್ಘಾಟಿಸಿದವರ ಹೆಸರಿನ ಕಲ್ಲೂ ಇತ್ತು, ಬಾಗಿಲಿಗೆ ಬೀಗವೂ ಇತ್ತು. ಕೀಲಿಕೈ ಕಟ್ಟಿಸಿದ ಕಂಟ್ರಾಕ್ಟರನ ಬಳಿ, ಕಂಟ್ರಾಕ್ಟರ ದುಬಾಯಿಯಲ್ಲಿ. ಪಂದ್ಯದ ದಿನ ನಾವು ಬೆಳಗ್ಗಿನಿಂದ ನೀರು ಕುಡಿಯದೆ ಎಳೆಯುತ್ತಿದ್ದೆವು. ಅದಕ್ಕೆ ಯಾವ ಸಮಿತಿಯೂ ಪ್ರಶಸ್ತಿ ಕೊಟ್ಟದ್ದಿಲ್ಲ.

ಆಗ ಮಂಗಳೂರಿನ ಕಡೆ ಹೊಸದಾಗಿ ತೆರೆದಿದ್ದ ಒಂದು ಖಾಸಗಿ ಲ್ಯಾಬಿನವರು ತಾವಾಗಿ ಮುಂದೆ ಬಂದರು. ಕೂದಲು ಸಾಕಂತೆ. ನಾವು ತಿಂದದ್ದು ರಕ್ತಕ್ಕೆ ಸೇರಿ, ರಕ್ತದಿಂದ ಕೂದಲಿನ ಬುಡಕ್ಕೆ ಹೋಗಿ, ಕೂದಲು ಬೆಳೆದ ಹಾಗೆ ಅದರೊಳಗೇ ಉಳಿದುಬಿಡುತ್ತದಂತೆ. ಮೂತ್ರ ಕೆಲವು ದಿನದಲ್ಲಿ ಮರೆತುಬಿಡುವುದನ್ನು ಕೂದಲು ತಿಂಗಳುಗಟ್ಟಲೆ ನೆನಪಿಡುತ್ತದಂತೆ. ಪುಕ್ಕಟೆ ಮಾಡಿಕೊಡುತ್ತೇವೆ, ಮೈದಾನದಲ್ಲಿ ನಮ್ಮ ಬ್ಯಾನರ್ ಒಂದು ಇರಲಿ ಎಂದರು. ದೊಡ್ಡ ಪಂದ್ಯಗಳಲ್ಲಿ ಇಂದಿಗೂ ಮೂತ್ರ, ರಕ್ತವನ್ನೇ ಹೆಚ್ಚು ನಂಬುತ್ತಾರೆ ಎಂದು ಯಾರೂ ಮಾಷ್ಟ್ರಿಗೆ ಹೇಳಲಿಲ್ಲ. ಹೇಳಿದ್ದರೂ ಬೀಗ ತೆಗೆಯುವುದಕ್ಕಿಂತ ಕೂದಲು ಕತ್ತರಿಸುವುದು ಅವರಿಗೆ ಸುಲಭವೇ ಆಗಿತ್ತು.

ಕೂದಲು ಕೊಡುವ ದಿನ ಮೈದಾನದ ಪಕ್ಕದ ಅಂಗನವಾಡಿಯಲ್ಲಿ ಟೈ ಕಟ್ಟಿದ ಲ್ಯಾಬಿನವರು ಕೈಗವಸು ಹಾಕಿ ಕುಳಿತಿದ್ದರು. ಹಿಂದಲೆಯಿಂದ, ಬುಡಕ್ಕೆ ತಾಗಿಸಿ, ಪೆನ್ಸಿಲಿನಷ್ಟು ದಪ್ಪಕ್ಕೆ ತೆಗೆಯಬೇಕೆಂದು ವಿವರಿಸಿದರು. ಒಬ್ಬಳೂ ಏಳಲಿಲ್ಲ.

"ನಾನು ಗಂಡಸಿನ ಎದುರು ತಲೆವಸ್ತ್ರ ತೆಗೆಯುವವಳಲ್ಲ," ಎಂದಳು ಬ್ಯಾರಿ ಗೆಳತಿ.

"ಕತ್ತರಿಸಿ ಉಳಿದದ್ದನ್ನು ವಾಪಸು ಕೊಡ್ತೀರಾ?" ಎಂದು ಹಗ್ಗದ ಮುಂದಿನ ತುದಿಯವಳು ಕೇಳಿದಳು.

"ಎಂತಕ್ಕೆ ಅಕ್ಕಾ?" ಎಂದರು ಲ್ಯಾಬಿನವರು.

"ಎಂತಕ್ಕೆ ಅಂತ ಕೇಳ್ತೀರಲ್ಲ! ನಮ್ಮ ಕೂದಲು ಸೋತವರ ಕೈಯಲ್ಲಿ ಉಂಟು ಅಂತ ಗೊತ್ತಾದ್ರೆ ನಮಗೆ ನಿದ್ದೆ ಬರ್ತದಾ? ಮಾಟ ಮಾಡ್ಲಿಕ್ಕೆ ಇನ್ನೆಂತ ಬೇಕು ಅವರಿಗೆ?"

ಲ್ಯಾಬಿನವರು ಓದಿದ ಪುಸ್ತಕಗಳಲ್ಲಿ ಇದರ ಬಗ್ಗೆ ಅಧ್ಯಾಯ ಇರಲಿಲ್ಲವೆಂದು ಕಾಣುತ್ತದೆ. ಅವರು ಮಾಷ್ಟ್ರ ಮುಖ ನೋಡಿದರು, ಮಾಷ್ಟ್ರು ಗೋಡೆಯ ಅಕ್ಷರಮಾಲೆ ನೋಡಿದರು. ಕೊನೆಗೆ ಒಂದು ರಾಜಿಯಾಯಿತು. ಕಿಟಕಿಗೆ ಸೀರೆ ಕಟ್ಟಿ ಮರೆ ಮಾಡುವುದು, ಒಬ್ಬೊಬ್ಬಳೇ ಒಳಗೆ ಹೋಗಿ ತನ್ನ ಕೂದಲನ್ನು ತಾನೇ ಕತ್ತರಿಸುವುದು, ಬುಡಕ್ಕೆ ನೂಲು ಕಟ್ಟಿ ಲಕೋಟೆಗೆ ಹಾಕಿ ಅಂಟಿಸಿಯೇ ಹೊರಗೆ ತರುವುದು. ಕತ್ತರಿ ನನ್ನದು. ಪರೀಕ್ಷೆಗೆ ಕುಳಿತವರೇ ಪ್ರಶ್ನೆಪತ್ರಿಕೆ ತಯಾರಿಸುವ ಈ ವ್ಯವಸ್ಥೆಗೆ ಲ್ಯಾಬಿನವರು ತಲೆ ಅಲ್ಲಾಡಿಸಿದ್ದು ಬ್ಯಾನರಿನ ಆಸೆಗೆ ಇರಬೇಕು.

ಅಕ್ಕ ಮರೆಯೊಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ತುರುಬು ಮೊದಲಿನ ಹಾಗೇ ಇತ್ತು, ಲಕೋಟೆ ತುಂಬಿತ್ತು. ನನಗೆ ಆಗಲೇ ಗೊತ್ತಾಯಿತು. ಅವಳ ಸ್ವಂತ ತಲೆಯಿಂದ ಪೆನ್ಸಿಲಿನಷ್ಟು ತೆಗೆದರೆ ಉಳಿಯುವುದು ತಲೆ ಮಾತ್ರ. ಇರಲಿ, ಯಾರ ಕೂದಲಾದರೆ ಎಂತ, ಯಾರೂ ಎಂತದೂ ತಿನ್ನಲಿಲ್ಲವಲ್ಲ ಎಂದು ನಾನೂ ಸುಮ್ಮನಿದ್ದೆ.

ಕೆಲವು ವಾರದ ನಂತರ ಮಾಷ್ಟ್ರ ಮುಖದಲ್ಲಿ ನಗು ಬಂತು. ಎಂಟರಲ್ಲಿ ಒಂದು ಲಕೋಟೆಯ ಕೂದಲಿನಲ್ಲಿ ಸ್ಟೆರಾಯ್ಡ್ ಇದೆಯೆಂದು ಲ್ಯಾಬು ಹೇಳಿತ್ತು. ಹೆಸರು ಗೋಪ್ಯವಾಗಿಡುತ್ತೇವೆ, ಹಗ್ಗದ ಕೊನೆಯಲ್ಲಿ ನಿಲ್ಲುವವರು ಎಂದಷ್ಟೇ ಹೇಳುತ್ತೇವೆ ಎಂದು ಅವರು ಪಂದ್ಯದ ಮೊಬೈಲ್ ಗ್ರೂಪಿನಲ್ಲಿ ಹಾಕಿದರು. ವಿಚಾರಣೆಯ ದಿನ ತಪ್ಪೊಪ್ಪಿಕೊಂಡು ಕ್ಷಮೆ ಕೇಳಿದರೆ ಅಕ್ಕನನ್ನು ಮಾತ್ರ ಹೊರಗಿಡುವುದು, ಇಲ್ಲದಿದ್ದರೆ ಇಡೀ ತಂಡಕ್ಕೆ ನಿಷೇಧ. ಟ್ರೋಫಿ ಮಾತ್ರ ಹೇಗಿದ್ದರೂ ಎರಡನೆಯವರಿಗೆ. ಎರಡನೆಯವರು ಯಾರೆಂದು ಹೇಳಬೇಕಾಗಿಲ್ಲ.

ಸ್ಟೆರಾಯ್ಡ್ ಎಂಬ ಮಾತು ಕೇಳಿದ್ದೇ ಊರಿನ ಕಣ್ಣಿಗೆ ಅಕ್ಕನ ತೋಳು ದಪ್ಪವಾಯಿತು. ರೇಶನ್ ಅಂಗಡಿಯಲ್ಲಿ ಅವಳಿಗೆ ಸರದಿ ಬಿಟ್ಟುಕೊಡತೊಡಗಿದರು. ಬ್ಯಾರಿ ಗೆಳತಿ ಒಂದು ಸಂಜೆ ಬೇಲಿಯ ಹತ್ತಿರ ಬಂದು, "ಅಕ್ಕಾ, ನನ್ನ ಹತ್ರ ಮಾತ್ರ ಹೇಳು. ಎಂತಾದ್ರೂ ತಿಂದಿದ್ದೀಯಾ?" ಎಂದು ಕೇಳಿದಳು. ಅಕ್ಕ ಬೇಲಿಯ ಮೇಲೆ ಒಣಗಿದ ಬಟ್ಟೆ ಬಾಚಿಕೊಂಡು ಒಳಗೆ ಹೋದಳು. ಗೆಳತಿ ವಾಪಸಾದಳು. ಅದನ್ನು ನೋಡಿ ನನಗೆ ತುಂಬ ಬೇಸರವಾಯಿತು.

"ಚೌರಿ ಅಂತ ಹೇಳಿಬಿಡುವ. ಮುಗೀತಲ್ಲ," ಎಂದೆ.

"ಬೇಡ."

"ಹಾಗಾದ್ರೆ ಮದ್ದು ತಿಂದವಳು ಅಂತ ಹೇಳಿಸ್ಕೊಳ್ತೀಯಾ?"

"ಹೇಳ್ಲಿ ಮಾರಾಯ್ತಿ. ಅದರಲ್ಲಿ ಸ್ವಲ್ಪ ಗತ್ತಾದ್ರೂ ಉಂಟು. ಕೂದಲೇ ಇಲ್ಲದವಳು ಅಂತ ಹೇಳಿದ್ರೆ ನಾನು ಯಾವ ಮದುವೆಗೆ ಹೋಗ್ಲಿ? ನಿನ್ನ ಭಾವನಿಗೆ ಎಂತ ಹೇಳ್ಲಿ? ಅಷ್ಟು ಎಣ್ಣೆ ತಂದಿದ್ದಾರೆ."

ನನಗೆ ಸಿಟ್ಟು ನೆತ್ತಿಗೇರಿತು. ಏಳು ಹೆಂಗಸರ ಮಾನ ಒಂದು ತುರುಬಿಗಿಂತ ಹಗುರವೇ ಎಂದು ಕೂಗಾಡಿದೆ. ಅಕ್ಕ ಅಕ್ಕಿ ಆರಿಸುತ್ತಾ ಕುಳಿತಳು. ಕ್ಷಮೆ ಕೇಳುತ್ತೇನೆ, ತಂಡ ಉಳಿಯಲಿ, ನಾನು ಹೊರಗೆ ಹೋಗುತ್ತೇನೆ ಎಂಬ ಅವಳ ತೀರ್ಮಾನ ಬದಲಾಗಲಿಲ್ಲ. ಆದರೆ ಚಾವಡಿಯ ಮೂಲೆಯಲ್ಲಿ ಸುತ್ತಿಟ್ಟ ಹಗ್ಗವನ್ನು ಅವಳು ಆ ದಿನಗಳಲ್ಲಿ ನೋಡುತ್ತಿದ್ದ ರೀತಿ ನನಗೆ ಕಾಣುತ್ತಿತ್ತು. ಅವಳ ಬದುಕಿನಲ್ಲಿ ಯಾರೂ ಹೇಳಿಕೊಡದೆ ಅವಳಿಗೆ ಬಂದದ್ದು ಅದೊಂದೇ, ಅದನ್ನು ಅವಳು ಬಿಟ್ಟುಕೊಡಲು ಹೊರಟಿದ್ದಳು.

ವಿಚಾರಣೆ ಮೈದಾನದ ಬದಿಯ ಸಮಿತಿ ಕಚೇರಿಯಲ್ಲಿ. ಒಂದು ಮೇಜು, ಹಿಂದೆ ಮಾಷ್ಟ್ರು, ಪಕ್ಕದಲ್ಲಿ ಲ್ಯಾಬಿನವರು, ಗೋಡೆಬದಿಯ ಕಪಾಟಿನಲ್ಲಿ ಗುಂಡೆಸೆತದ ಗುಂಡು, ಚಕ್ರ, ಗಾಳಿ ಹೋದ ಚೆಂಡುಗಳು. ಎದುರಿನ ಬೆಂಚಿನಲ್ಲಿ ನಾವು. ಲ್ಯಾಬಿನವರು ಎದ್ದು ಮದ್ದಿನ ಹೆಸರನ್ನು ಬಿಡಿಸಿ ಬಿಡಿಸಿ ಓದಿದರು: "ಪ್ರೆಡ್ನಿಸೋಲೋನ್."

ಅಕ್ಕ ನನ್ನ ಕೈ ಹಿಡಿದಳು. ಆ ಹೆಸರು ನಮ್ಮಿಬ್ಬರ ಬಾಯಲ್ಲಿ ಯಾವತ್ತೂ ಸರಿಯಾಗಿ ಹೊರಳಿರಲಿಲ್ಲ. ಔಷಧಿ ಅಂಗಡಿಗೆ ಹಳೆಯ ಹಾಳೆಯನ್ನೇ ಕೊಂಡುಹೋಗಿ ತೋರಿಸಿ ತರುತ್ತಿದ್ದೆವು. ಅಮ್ಮನ ಸಣ್ಣ ಬಿಳಿ ಮಾತ್ರೆ.

ಅಮ್ಮನಿಗೆ ನಾವು ಸಣ್ಣವರಿದ್ದಾಗಿನಿಂದಲೇ ಅಸ್ತಮಾ. ಚಳಿ ಬಿದ್ದರೆ ಬಾಗಿಲು ದಾಟುವ ಹಾಗಿಲ್ಲ, ಹೊಗೆಯ ಹತ್ತಿರ ಹೋಗುವ ಹಾಗಿಲ್ಲ. ಬಾವಿಕಟ್ಟೆಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಮ್ಮೆ ಕುಳಿತು ಸುಧಾರಿಸಿಕೊಳ್ಳುತ್ತಿದ್ದಳು. ಕೊಡ ಎತ್ತಲು ಆಗುವುದಿಲ್ಲ ಎಂದು ಹೇಳಲು ನಾಚಿಕೆಪಟ್ಟು ಅರ್ಧ ಕೊಡ ತುಂಬಿಸುತ್ತಿದ್ದಳು. ಆ ಮಾತ್ರೆ ತಿಂದು ತಿಂದು ಮುಖ ಊದಿತ್ತು. ನೋಡಿದವರು ತಾಯಿ ಮಗಳ ಮನೆಗೆ ಹೋಗಿ ದಪ್ಪಗಾಗಿದ್ದಾರೆ ಎನ್ನುತ್ತಿದ್ದರು.

"ತುಂಬ ಸಮಯದಿಂದ ತೆಗೆದುಕೊಂಡವರ ಹಾಗೆ ಕಾಣ್ತದೆ," ಎಂದರು ಲ್ಯಾಬಿನವರು.

ಮಾಷ್ಟ್ರು ಕನ್ನಡಕ ತೆಗೆದರು. "ಅಂದ್ರೆ ಒಂದು ದಿನದ ಮೋಸ ಅಲ್ಲ ಇದು. ಹೇಳಿ ಅಕ್ಕಾ, ಎಷ್ಟು ವರ್ಷದಿಂದ ಹೀಗೆ ಕಳ್ಳ ಶಕ್ತಿ ತಂದ್ಕೊಂಡದ್ದು?"

ಅಕ್ಕ ಎದ್ದಳು. ಕ್ಷಮೆ ಕೇಳಲು ಎದ್ದಳು ಎಂದು ಮಾಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. ಅವಳು ಮೇಜಿನವರೆಗೆ ಹೋಗಿ, ಎರಡು ಕೈ ಹಿಂದೆ ಹಾಕಿ, ಒಂದೊಂದೇ ಕ್ಲಿಪ್ಪು ತೆಗೆದು, ತುರುಬನ್ನು ಬಿಡಿಸಿ ಮಾಷ್ಟ್ರ ಎದುರು ಇಟ್ಟಳು. ಚೌರಿ ಮೇಜಿನಿಂದ ಕೆಳಗೆ ಜಾರಿ ತೂಗಿತು. ಲ್ಯಾಬಿನವರು ಕುರ್ಚಿ ಹಿಂದೆ ಸರಿಸಿದರು.

"ಇದು ನನ್ನ ಅಮ್ಮನ ಕೂದಲು ಮಾಷ್ಟ್ರೇ. ಮಾತ್ರೆ ಅಮ್ಮ ತಿಂದದ್ದು. ಶಕ್ತಿ ಬರ್ಲಿಕ್ಕೆ ಅಲ್ಲ, ಉಸಿರು ಬರ್ಲಿಕ್ಕೆ. ಅವಳನ್ನು ಕಳ್ಳಿ ಅಂತ ಹೇಳ್ಬೇಡಿ. ಹಗ್ಗ ಎಳೆದದ್ದು ನಾನು."

ಅವಳ ಹಿಂದಲೆಯಲ್ಲಿ ಇಲಿಯ ಬಾಲದಷ್ಟು ನರೆತ ಜಡೆ ಇತ್ತು. ನಾನು ಅಳುತ್ತಿದ್ದೆ. ಮಾನ ಹೋಗುತ್ತದೆಂದು ಅವಳು ಅಷ್ಟು ಹೆದರಿದ್ದಳಲ್ಲ, ಅವಳಷ್ಟು ಮಾನವಂತರು ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಮಾಷ್ಟ್ರಿಗೆ ನಾಚಿಕೆಯಾಯಿತು ಎಂದು ಬರೆಯಲು ನನಗೂ ಆಸೆ. ಆಗಲಿಲ್ಲ. ಅವರು, ಬೇರೆಯವರ ಕೂದಲು ಕೊಟ್ಟದ್ದೂ ತಪ್ಪೇ, ಈಗಲೇ ಎಲ್ಲರೆದುರು ಸ್ವಂತ ತಲೆಯಿಂದ ಕೊಡಬೇಕು ಎಂದರು. ಅಕ್ಕ ತಲೆ ಬಗ್ಗಿಸಿದಳು. ಲ್ಯಾಬಿನವರು ಕತ್ತರಿ ಹಿಡಿದು ಅವಳ ಸುತ್ತ ಒಂದು ಪ್ರದಕ್ಷಿಣೆ ಬಂದರು, ಬಾಗಿ ನೋಡಿದರು, ಕತ್ತರಿ ಕೆಳಗಿಟ್ಟರು.

"ಇಷ್ಟರಲ್ಲಿ ಆಗ್ಲಿಕ್ಕಿಲ್ಲ ಸರ್. ಸ್ಯಾಂಪಲ್ ಸಾಲುವುದಿಲ್ಲ."

"ಹಾಗಾದ್ರೆ ಮೂತ್ರ ಕೊಡ್ಲಿ," ಎಂದರು ಮಾಷ್ಟ್ರು.

"ಕೊಡ್ತೇನೆ. ಎಲ್ಲಿ?" ಎಂದಳು ಅಕ್ಕ.

ಮಾಷ್ಟ್ರು ಕಿಟಕಿಯಿಂದ ಶೌಚಾಲಯದ ಬೀಗದ ಕಡೆ ನೋಡಿದರು. ಅಕ್ಕ ನೀರಿನ ಬಾಟಲಿ ತೆಗೆದು ಕುಡಿಯತೊಡಗಿದಳು. ಬ್ಯಾರಿ ಗೆಳತಿಯೂ ಕುಡಿದಳು, ಆಮೇಲೆ ಎಲ್ಲರೂ. ಬೀಗ ತೆಗೆಯುವವರೆಗೆ ಏಳುವುದಿಲ್ಲವೆಂದು ಎಂಟೂ ಜನ ಬೆಂಚಿನಲ್ಲಿ ಕಾಲು ಊರಿ ಕುಳಿತರು. ಇವರು ಕಾಲು ಊರಿದರೆ ಎಂತಾಗುತ್ತದೆಂದು ಮಾಷ್ಟ್ರಿಗೆ ಅನುಭವ ಉಂಟು. ಅವರು ದುಬಾಯಿಗೆ ಫೋನ್ ಮಾಡಿದರು. ಕಂಟ್ರಾಕ್ಟರ, ಕೀಲಿಕೈಯನ್ನು ನಿಮಗೇ ಕೊಟ್ಟಿದ್ದೇನಲ್ಲ ಮಾಷ್ಟ್ರೇ ಎಂದು ಕೂಗಿದ್ದು ಬೆಂಚಿನವರೆಗೂ ಕೇಳಿತು.

ಬ್ಯಾರಿ ಗೆಳತಿ ಎದ್ದು ಕಪಾಟಿನಿಂದ ಗುಂಡೆಸೆತದ ಗುಂಡನ್ನು ಎತ್ತಿಕೊಂಡು ಹೊರಗೆ ನಡೆದಳು. ಎರಡನೆಯ ಏಟಿಗೆ ಬೀಗ ಬಿತ್ತು. ಒಳಗೆ ಹೊಸ ಟೈಲ್ಸು, ಸ್ಟಿಕ್ಕರ್ ಕೂಡ ಕಿತ್ತಿರಲಿಲ್ಲ. ಅದರ ಮೇಲೆ ಮಾಷ್ಟ್ರು ಕೈ ಮುಗಿದು ನಗುತ್ತಿರುವ ಹಳೆಯ ಫ್ಲೆಕ್ಸುಗಳನ್ನು ಸುರುಳಿ ಸುತ್ತಿ ಪೇರಿಸಿಟ್ಟಿದ್ದರು. ಅವರನ್ನು ಒಬ್ಬೊಬ್ಬರಾಗಿ ಹೊರಗೆ ಹಾಕಿ, ಅಂಗನವಾಡಿಯ ಬಾವಿಯಿಂದ ನೀರು ತಂದು, ಅಕ್ಕ ಲ್ಯಾಬಿನವರು ಕೊಟ್ಟ ಬಾಟಲಿ ಹಿಡಿದು ಒಳಗೆ ಹೋದಳು. ಉಳಿದವರು ಬಾಟಲಿ ಇಲ್ಲದೆಯೇ ಸಾಲು ನಿಂತರು. ಬಾಗಿಲ ಹತ್ತಿರ ಗೆಳತಿ ಅಕ್ಕನ ಸೆರಗು ಹಿಡಿದು, "ನಾನು ಕೇಳಬಾರದಿತ್ತು," ಎಂದಳು. "ನಾನು ಹೇಳಬೇಕಿತ್ತು," ಎಂದಳು ಅಕ್ಕ.

ಅಕ್ಕನ ಮೂತ್ರದಲ್ಲಿ ಎಂತದೂ ಸಿಗಲಿಲ್ಲ. ಟ್ರೋಫಿ ನಮ್ಮಲ್ಲೇ ಉಳಿಯಿತು. ಮುಂದಿನ ಸಭೆಯಲ್ಲಿ ಮಾಷ್ಟ್ರು, ಸಮಿತಿಯ ಸತತ ಪ್ರಯತ್ನದಿಂದ ಮೈದಾನದಲ್ಲಿ ಮಹಿಳೆಯರ ಶೌಚಾಲಯ ಆರಂಭವಾಗಿದೆ ಎಂದು ಭಾಷಣ ಮಾಡಿದರು. ನಾವು ಚಪ್ಪಾಳೆ ತಟ್ಟಿದೆವು. ಗೆಳತಿ ಮಾತ್ರ ಕಪಾಟಿನ ಕಡೆಗೇ ನೋಡುತ್ತಿದ್ದಳು, ಭಾಷಣ ಬೇಗ ಮುಗಿಯಿತು.

ಭಾವನಿಗೆ ಗಲ್ಫಿನಲ್ಲೇ ಸುದ್ದಿ ಮುಟ್ಟಿತ್ತು. ಫೋನಿನಲ್ಲಿ ಅಕ್ಕ ತಾನಾಗಿ ಹೇಳಿದಾಗ ಅವರು, "ನನಗೆ ಮೊದಲೇ ಗೊತ್ತುಂಟು ಮಾರಾಯ್ತಿ. ನಿನಗೆ ಖುಷಿಯಾಗ್ತದಲ್ಲ ಅಂತ ಎಣ್ಣೆ ತಂದದ್ದು," ಎಂದರಂತೆ. ಇಷ್ಟು ವರ್ಷ ನನ್ನನ್ನು ಮಂಗ ಮಾಡಿದರು ಎಂದು ಅಕ್ಕ ಅವರ ಮೇಲೆ ವಾರಗಟ್ಟಲೆ ಸಿಟ್ಟು ಮಾಡಿಕೊಂಡಳು. ಯಾರು ಯಾರನ್ನು ಮಂಗ ಮಾಡಿದ್ದೆಂದು ನಾನು ಕೇಳಲು ಹೋಗಲಿಲ್ಲ.

ವಿಚಾರಣೆಯ ಮರುದಿನ ಬೆಳಗ್ಗೆ ನಾನು ಅವಳ ಮನೆಗೆ ಹೋದಾಗ ಅವಳು ಚೌರಿ ತೊಳೆದಿದ್ದಳು. ಊರವರೆಲ್ಲ ನೋಡಿ ಮುಟ್ಟಿದ್ದಾರೆ, ತೊಳೆಯಬೇಡವಾ ಎಂದಳು. ಅದುವರೆಗೆ ಅದು ಒಣಗುತ್ತಿದ್ದದ್ದು ಒಳಕೋಣೆಯ ಬಾಗಿಲ ಹಿಂದೆ, ಬೈರಾಸಿನ ಅಡಿಯಲ್ಲಿ. ಆ ದಿನ ಅಂಗಳದ ಹಗ್ಗದಲ್ಲಿ, ತಂಡದ ಜೆರ್ಸಿಯ ಪಕ್ಕದಲ್ಲಿ, ದಾರಿಗೆ ಕಾಣುವಂತೆ ತೂಗುತ್ತಿತ್ತು. ದಾರಿಯಲ್ಲಿ ಇಬ್ಬರು ಹೆಂಗಸರು ನಿಂತು ನೋಡಿದರು. ನಾನು ಹಳೆಯ ಅಭ್ಯಾಸಕ್ಕೆ ತೆಗೆದಿಡಲು ಕೈ ಚಾಚಿದೆ.

"ಇರ್ಲಿ ಬಿಡು," ಎಂದಳು ಅಕ್ಕ. "ಅಮ್ಮನಿಗೆ ಸ್ವಲ್ಪ ಗಾಳಿಯಾಡ್ಲಿ."